ಹೆತ್ತದ್ದು ಒಂದು, ಮನೆಗೆ ತಂದದ್ದು ಏಳು: ಪರ್ಲ್ ಬಕ್ ಎಂಬ ತಾಯಿ

ಚಹಾಕ್ಕೆ ಸಕ್ಕರೆ ಬದಲು ಹಾಕಿಕೊಳ್ಳುವ ಮಾತ್ರೆಯ ಡಬ್ಬಿ ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿ. ಅದರಲ್ಲಿ ಆಸ್ಪರ್ಟೇಮ್ ಇದ್ದರೆ, ಫಿನೈಲ್‌ಕೀಟೋನ್ಯೂರಿಯಾ ಇರುವವರಿಗೆ ಇದು ಸಲ್ಲದು ಎಂಬ ಅರ್ಥದ ಒಂದು ಸಾಲು ಸಣ್ಣ ಅಕ್ಷರಗಳಲ್ಲಿ ಸಿಗುತ್ತದೆ. ನಾನು ಬಿ.ಫಾರ್ಮ್ ಮುಗಿಸಿ ಔಷಧ ಅಂಗಡಿಯ ಕೌಂಟರ್‌ನಲ್ಲಿ ನಿಂತಿದ್ದ ವರ್ಷಗಳಲ್ಲಿ ಅದರ ಅರ್ಥವನ್ನು ಯಾರೂ ಕೇಳಿರಲಿಲ್ಲ. ಅನುವಾದದ ಕೆಲಸಕ್ಕೆ ಬಂದ ಮೇಲೆ ಅದೇ ಸಾಲನ್ನು ಎಷ್ಟು ಸಲ ಕನ್ನಡಕ್ಕೆ ತಂದಿದ್ದೇನೋ ಲೆಕ್ಕವಿಲ್ಲ. ನಿಜ ಹೇಳಬೇಕೆಂದರೆ ನಾನೂ ಅದನ್ನು ಯಾಂತ್ರಿಕವಾಗಿ ಟೈಪ್ ಮಾಡಿ ಮುಂದೆ ಹೋಗುತ್ತಿದ್ದೆ. ಆ ಉದ್ದನೆಯ ಹೆಸರಿನ ಹಿಂದೆ ಒಬ್ಬ ತಾಯಿಯ ಮುಖ ಕಂಡದ್ದು ಪರ್ಲ್ ಬಕ್ ಅವರ ಬದುಕನ್ನು ಓದಿದ ಮೇಲೆ.

ಪರ್ಲ್ ಎಸ್. ಬಕ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಚೀನಾದ ರೈತನ ಕಥೆ ಹೇಳುವ ದಿ ಗುಡ್ ಅರ್ತ್ ಕಾದಂಬರಿ ಮತ್ತು 1938ರ ಸಾಹಿತ್ಯ ನೊಬೆಲ್. ಇಲ್ಲಿ ಹೇಳಹೊರಟಿರುವುದು ಅವರ ಮನೆಯ ಕಥೆ. ಕಾಯಿಲೆ ಇರುವ ಮಗುವನ್ನು, ಅದರಲ್ಲೂ ಬೇರೆ ದೇಶದ ಮಗುವನ್ನು ದತ್ತು ತೆಗೆದುಕೊಳ್ಳುವ ವಿಚಾರ ನಿಮ್ಮ ಮನೆಯಲ್ಲೋ ನಂಟರಲ್ಲೋ ನಡೆದಿದ್ದರೆ, ಈ ಕಥೆ ನಿಮಗೆ ಬೇಕಾಗಬಹುದು.

ಚೀನಾದಲ್ಲಿ ಬೆಳೆದ ಹುಡುಗಿ

ಪರ್ಲ್ ಹುಟ್ಟಿದ್ದು 1892ರ ಜೂನ್ 26ರಂದು, ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ. ತಂದೆ ತಾಯಿ ಇಬ್ಬರೂ ಪ್ರೆಸ್ಬಿಟೇರಿಯನ್ ಮಿಷನರಿಗಳು, ರಜೆಯ ಮೇಲೆ ಚೀನಾದಿಂದ ಊರಿಗೆ ಬಂದಿದ್ದರು. ಕೂಸಿಗೆ ಕೆಲವೇ ತಿಂಗಳಾದಾಗ ಮತ್ತೆ ಹಡಗು ಹತ್ತಿದರು. ಪರ್ಲ್ ಬೆಳೆದದ್ದು ಯಾಂಗ್‌ಟ್ಸೆ ನದಿಯ ದಂಡೆಯ ಝೆನ್‌ಜಿಯಾಂಗ್ ಪಟ್ಟಣದಲ್ಲಿ, ಚೀನೀ ಆಯಾ ಹೇಳುವ ಕಥೆಗಳನ್ನು ಕೇಳುತ್ತ.

ಆ ತಾಯಿ ಹೆತ್ತ ಏಳು ಮಕ್ಕಳಲ್ಲಿ ನಾಲ್ವರು ಚಿಕ್ಕವರಿದ್ದಾಗಲೇ ತೀರಿಹೋದರು. ಕಾಲರಾ, ಡಿಫ್ತೀರಿಯಾದಂಥ ರೋಗಗಳು ಮನೆಯೊಳಗೇ ಬಂದುಹೋಗುತ್ತಿದ್ದ ಕಾಲ ಅದು. ಮಗುವನ್ನು ಕಳೆದುಕೊಳ್ಳುವುದೆಂದರೆ ಏನು ಎಂಬುದನ್ನು ಪರ್ಲ್ ಮೊದಲು ಕಂಡದ್ದು ತನ್ನ ತಾಯಿಯ ಮುಖದಲ್ಲಿ.

ಅಮೆರಿಕಕ್ಕೆ ಹೋಗಿ ಕಾಲೇಜು ಓದಿ 1914ರಲ್ಲಿ ಚೀನಾಕ್ಕೆ ಮರಳಿದ ಪರ್ಲ್ 1917ರಲ್ಲಿ ಜಾನ್ ಲಾಸಿಂಗ್ ಬಕ್ ಅವರನ್ನು ಮದುವೆಯಾದರು. ಅವರೂ ಮಿಷನ್ ಕಳಿಸಿದವರೇ, ಆದರೆ ಕೃಷಿ ತಜ್ಞರು. ಗಂಡ ಹೆಂಡತಿ ಉತ್ತರದ ಬಡ ಹಳ್ಳಿಗಳಲ್ಲಿ ಕೆಲವು ವರ್ಷ ಕಳೆದು ನಾನ್‌ಜಿಂಗ್ ನಗರದಲ್ಲಿ ನೆಲೆಸಿದರು.

ಕ್ಯಾರೊಲ್

1920ರ ಮಾರ್ಚ್ 4ರಂದು ಮಗಳು ಹುಟ್ಟಿದಳು. ಕ್ಯಾರೊಲ್ ಎಂದು ಹೆಸರಿಟ್ಟರು. ಬಂಗಾರದ ಬಣ್ಣದ ಕೂದಲು, ನೀಲಿ ಕಣ್ಣು, ಬಲು ಚೆಂದದ ಕೂಸು. ಹೆರಿಗೆಯ ಬೆನ್ನಲ್ಲೇ ಪರ್ಲ್ ಅವರ ಗರ್ಭಕೋಶದಲ್ಲಿ ಗೆಡ್ಡೆ ಇರುವುದು ಗೊತ್ತಾಯಿತು. ಅಮೆರಿಕಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದು ಕ್ಯಾನ್ಸರ್ ಅಲ್ಲ, ಆದರೆ ಇನ್ನು ಮಕ್ಕಳಾಗುವಂತಿರಲಿಲ್ಲ.

ಮಗುವಿನ ಚರ್ಮದ ಮೇಲೆ ಎಕ್ಸಿಮಾ, ಅಂದರೆ ಇಸುಬು ಎದ್ದಿತ್ತು. ಮೈಯಿಂದ, ಮೂತ್ರದಿಂದ ಒಂದು ಬಗೆಯ ಮುಗ್ಗಲು ವಾಸನೆ. ಇವೆರಡನ್ನೂ ಆಗ ಯಾರೂ ಒಂದಕ್ಕೊಂದು ಜೋಡಿಸಲಿಲ್ಲ. ಮೂರು ವರ್ಷವಾದರೂ ಕ್ಯಾರೊಲ್ ಮಾತಾಡಲಿಲ್ಲ. ಕೆಲವು ಮಕ್ಕಳು ತಡವಾಗಿ ಮಾತಾಡುತ್ತಾರೆ ಎಂದು ಗೆಳತಿಯರು ಸಮಾಧಾನ ಹೇಳಿದರು. ಈ ಮಾತನ್ನು ಕೇಳದ ಪೋಷಕರು ನಮ್ಮಲ್ಲೂ ಇರಲಾರರು. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ, ಅದಕ್ಕೇ ಅದನ್ನು ನಂಬುವುದು ಸುಲಭ.

ಆಮೇಲೆ ಶುರುವಾಯಿತು ಡಾಕ್ಟರರಿಂದ ಡಾಕ್ಟರರಿಗೆ ಅಲೆದಾಟ. ಚೀನಾದಲ್ಲಿ ತೋರಿಸಿದರು, ಅಮೆರಿಕಕ್ಕೆ ಕರೆದೊಯ್ದು ತೋರಿಸಿದರು. ಕೊನೆಗೆ ಮಿನೆಸೋಟಾದ ಮೇಯೋ ಕ್ಲಿನಿಕ್‌ಗೆ ಹೋದರು. ಅಲ್ಲಿ ಹಿರಿಯ ವೈದ್ಯರು ಎಲ್ಲ ಪರೀಕ್ಷೆ ಮಾಡಿ, ಕಾರಣ ಗೊತ್ತಾಗುತ್ತಿಲ್ಲ, ಆದರೆ ಆಸೆ ಬಿಡಬೇಡಿ ಎನ್ನುವ ಧಾಟಿಯಲ್ಲಿ ಮೃದುವಾಗಿ ಮಾತಾಡಿ ಕಳಿಸಿದರು. ಹೊರಬರುವಾಗ ಅದೇ ಆಸ್ಪತ್ರೆಯ ಇನ್ನೊಬ್ಬ ವೈದ್ಯ ಆಕೆಯನ್ನು ತಡೆದು ನಿಲ್ಲಿಸಿದ. ಜರ್ಮನ್ ಧಾಟಿಯ ಇಂಗ್ಲಿಷ್. ಈ ಮಗು ಎಂದಿಗೂ ಎಲ್ಲರಂತಾಗುವುದಿಲ್ಲ, ಸುಳ್ಳು ಆಸೆಯ ಹಿಂದೆ ಓಡಿ ನಿಮ್ಮನ್ನೂ ಮನೆಯನ್ನೂ ಹಾಳುಮಾಡಿಕೊಳ್ಳಬೇಡಿ, ಅವಳು ನೆಮ್ಮದಿಯಾಗಿರುವ ಜಾಗ ಹುಡುಕಿ ಎಂದು ನೇರವಾಗಿ ಹೇಳಿಬಿಟ್ಟ. ಆ ಕ್ಷಣ ಮೈಯೆಲ್ಲ ರಕ್ತ ಸೋರಿದಂತಾಯಿತಾದರೂ, ಮುಂದೆ ಜೀವನವಿಡೀ ಪರ್ಲ್ ಋಣಿಯಾಗಿದ್ದದ್ದು ಆ ಒರಟು ಮಾತಿನವನಿಗೆ.

ವೈದ್ಯರು ಹೀಗೆ ಹೇಳಬೇಕೇ ಎಂದು ನೀವು ಕೇಳಬಹುದು. ಹೇಳುವ ಕ್ರಮ ಇದಲ್ಲ. ಆಸ್ಪತ್ರೆಯ ಪ್ಯಾಸೇಜಿನಲ್ಲಿ ನಿಲ್ಲಿಸಿ ಹೇಳುವ ಸುದ್ದಿಯೂ ಅಲ್ಲ. ಆದರೆ ಒಳ್ಳೆಯ ಮಾತಾಡಿ ಸತ್ಯ ಮುಚ್ಚಿಟ್ಟವರಿಗಿಂತ ಆತ ಆಕೆಗೆ ಹೆಚ್ಚು ಉಪಕಾರ ಮಾಡಿದ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಘಟನೆಯನ್ನು ಪರ್ಲ್ ತಾವೇ ಬರೆದಿಟ್ಟಿದ್ದಾರೆ. ಮಗಳಿಗೆ ಅಕ್ಷರ ಕಲಿಸಲು ಪಟ್ಟುಹಿಡಿದು ಕೂರುತ್ತಿದ್ದರು. ಕ್ಯಾರೊಲ್ ಅಷ್ಟಿಷ್ಟು ಬರೆಯತೊಡಗಿದ್ದಳು. ಒಂದು ದಿನ ಬರೆಸಲೆಂದು ಅವಳ ಕೈ ಹಿಡಿದಾಗ ಅಂಗೈಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಏನೂ ಅರ್ಥವಾಗದಿದ್ದರೂ ಅಮ್ಮನಿಗೆ ಖುಷಿಯಾಗಲೆಂದು ಮಗು ಜೀವ ತೇಯುತ್ತಿತ್ತು. ಅಂದೇ ಪುಸ್ತಕ ಎತ್ತಿಟ್ಟರು.

ಸೊರಗಿದ ಕೂಸು

1925ರಲ್ಲಿ, ಗಂಡ ಹೆಂಡತಿ ಓದಿಗಾಗಿ ಒಂದು ವರ್ಷ ಅಮೆರಿಕದ ಕಾರ್ನೆಲ್‌ನಲ್ಲಿದ್ದಾಗ, ನ್ಯೂಯಾರ್ಕ್ ರಾಜ್ಯದ ಒಂದು ಅನಾಥಾಲಯದಿಂದ ಮೂರು ತಿಂಗಳ ಹೆಣ್ಣುಮಗುವನ್ನು ದತ್ತು ತಂದರು. ದುಂಡುದುಂಡಾದ ಶಿಶುಗಳನ್ನು ಬಿಟ್ಟು ಪರ್ಲ್ ಆರಿಸಿದ್ದು ಹಾಲು ಕುಡಿಯದೆ, ತೂಕ ಹಿಡಿಯದೆ ಸೊರಗಿದ್ದ ಒಂದು ಪುಟ್ಟ ಕೂಸನ್ನು. ಮನೆಗೆ ಬಂದ ಮೇಲೆ ಕೂಸು ಚೇತರಿಸಿಕೊಂಡಿತು. ಜಾನಿಸ್ ಎಂದು ಹೆಸರಿಟ್ಟು, ಕ್ಯಾರೊಲ್ ಜೊತೆ ಅವಳನ್ನೂ ಸಮುದ್ರ ದಾಟಿಸಿ ನಾನ್‌ಜಿಂಗ್‌ಗೆ ಕರೆದೊಯ್ದರು. ಈ ಜಾನಿಸ್ ಹೆಸರನ್ನು ನೆನಪಿಡಿ, ಕೊನೆಗೆ ಮತ್ತೆ ಬರುತ್ತಾಳೆ.

ಅನಾಥಾಲಯದ ಶಿಶುಗಳು ಹೀಗೆ ಸೊರಗುವುದಕ್ಕೆ ಯಾವಾಗಲೂ ರೋಗವೇ ಕಾರಣವಲ್ಲ ಎಂಬುದು ಇಂದು ಮಕ್ಕಳ ವೈದ್ಯರಿಗೆ ಚೆನ್ನಾಗಿ ಗೊತ್ತು. ಹೊಟ್ಟೆಗೆ ಹಾಲು ಬಿದ್ದರೂ, ಎತ್ತಿಕೊಳ್ಳುವವರು, ಮುಖ ನೋಡಿ ಮಾತಾಡಿಸುವವರು ಇಲ್ಲದಿದ್ದರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. ದತ್ತು ಮಗುವಿನ ಕಡತದಲ್ಲಿ ತೂಕ ಕಡಿಮೆ, ಬೆಳವಣಿಗೆ ನಿಧಾನ ಎಂದಿದ್ದರೆ ಅದು ಗಂಭೀರ ಕಾಯಿಲೆಯ ಗುರುತೂ ಇರಬಹುದು, ಮನೆ ಸಿಕ್ಕಿದ ಆರು ತಿಂಗಳಲ್ಲಿ ಕರಗಿಹೋಗುವ ಸಂಗತಿಯೂ ಇರಬಹುದು. ಕಾಗದ ನೋಡಿದ ಮಾತ್ರಕ್ಕೆ ಬೇರ್ಪಡಿಸಿ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ.

1927ರ ಮಾರ್ಚ್‌ನಲ್ಲಿ ನಾನ್‌ಜಿಂಗ್‌ನಲ್ಲಿ ಸೈನಿಕರು ವಿದೇಶಿಯರ ಮೇಲೆ ತಿರುಗಿಬಿದ್ದಾಗ, ಬಡ ಚೀನೀ ಹೆಂಗಸೊಬ್ಬಳು ಈ ಕುಟುಂಬವನ್ನು ತನ್ನ ಗುಡಿಸಲಿನಲ್ಲಿ ಅಡಗಿಸಿದಳು. ಹಿಂದೆಂದೋ ಪರ್ಲ್ ಆಕೆಗೆ ನೆರವಾಗಿದ್ದರು. ಏಳು ವರ್ಷದ ಕ್ಯಾರೊಲ್, ಎರಡು ವರ್ಷದ ಜಾನಿಸ್ ಜೊತೆ ಜೀವ ಉಳಿಸಿಕೊಂಡು ಕುಟುಂಬ ಜಪಾನಿಗೆ ಹೋಯಿತು. ನಾನು ಸತ್ತರೆ ಕ್ಯಾರೊಲ್ ಗತಿಯೇನು ಎಂಬ ಪ್ರಶ್ನೆ ಆ ಹೊತ್ತಿಗೆ ಪರ್ಲ್ ಪಾಲಿಗೆ ಬರಿಯ ಚಿಂತೆಯಾಗಿ ಉಳಿದಿರಲಿಲ್ಲ.

ವೈನ್‌ಲ್ಯಾಂಡ್

1929ರಲ್ಲಿ ಪರ್ಲ್ ಒಂಬತ್ತು ವರ್ಷದ ಕ್ಯಾರೊಲ್‌ಳನ್ನು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬಲ್ಲಿದ್ದ ತರಬೇತಿ ಶಾಲೆಗೆ ಸೇರಿಸಿದರು. ಅದಕ್ಕೂ ಮೊದಲು ಹಲವು ಸಂಸ್ಥೆಗಳನ್ನು ಸ್ವತಃ ಕಂಡುಬಂದಿದ್ದರು. ಕೆಲವು ಕಡೆ ಮಕ್ಕಳನ್ನು ದನಗಳಂತೆ ಕೂಡಿಹಾಕಿದ್ದರು. ವೈನ್‌ಲ್ಯಾಂಡ್‌ನಲ್ಲಿ ಮಾತ್ರ ಕಲಿಕೆಗಿಂತ ಮೊದಲು ಮಕ್ಕಳ ಸಂತೋಷಕ್ಕೆ ಜಾಗವಿತ್ತು.

ಶುಲ್ಕಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ, ಸಾಲ ಮಾಡಿದರು. ಆ ಸಾಲ ತೀರಿಸುವ, ಮಗಳನ್ನು ಜೀವನವಿಡೀ ಸಾಕುವ ಹಣ ಎಲ್ಲಿಂದ ಬರಬೇಕು? ಚೀನಾಕ್ಕೆ ಮರಳಿ ಮೂರೇ ತಿಂಗಳಲ್ಲಿ ದಿ ಗುಡ್ ಅರ್ತ್ ಬರೆದರು. 1931ರಲ್ಲಿ ಅದು ಅಚ್ಚಾಗಿ ಮಾರಾಟದಲ್ಲಿ ಎಲ್ಲವನ್ನೂ ಮೀರಿಸಿತು, ಮರುವರ್ಷ ಪುಲಿಟ್ಜರ್ ಬಂತು. ಆ ಕಾದಂಬರಿಯ ರೈತ ವಾಂಗ್ ಲುಂಗ್‌ಗೆ ಬುದ್ಧಿ ಬೆಳೆಯದ ಹಿರಿಮಗಳೊಬ್ಬಳಿದ್ದಾಳೆ. ಉಳಿದವರೆಲ್ಲ ಬೇಸರಪಟ್ಟರೂ ಅವನು ಅವಳನ್ನು ಬಿಸಿಲಲ್ಲಿ ಕೂರಿಸಿ ಕಾಯುತ್ತಾನೆ. ಲೇಖಕಿಯ ಮನೆಯಲ್ಲೂ ಅಂಥ ಮಗಳಿದ್ದಾಳೆ ಎಂಬುದು ಓದಿದ ಲಕ್ಷಾಂತರ ಜನರಿಗೆ ಗೊತ್ತಿರಲಿಲ್ಲ. ಪರ್ಲ್ ಕ್ಯಾರೊಲ್ ವಿಷಯವನ್ನು ಸುಮಾರು ಇಪ್ಪತ್ತು ವರ್ಷ ಬಚ್ಚಿಟ್ಟರು. ಪತ್ರಿಕೆಯವರ ಮುಂದೆ ಅವಳ ಹೆಸರೆತ್ತುತ್ತಿರಲಿಲ್ಲ.

ಮಗಳನ್ನು ಸಂಸ್ಥೆಗೆ ಸೇರಿಸಿದ್ದು ಸರಿಯೇ? ಇಂದಿನ ದೃಷ್ಟಿಯಲ್ಲಿ ಮಗು ಮನೆಯಲ್ಲಿ, ಊರಿನ ನಡುವೆ ಬೆಳೆಯಬೇಕು ಎನ್ನುತ್ತೇವೆ, ಅದು ಸರಿಯಾದ ಮಾತೇ. ಆದರೆ 1929ರಲ್ಲಿ ಆ ತಾಯಿಯ ಮುಂದೆ ವಿಶೇಷ ಶಾಲೆ, ಥೆರಪಿ, ನೆರವಿನ ಗುಂಪು ಯಾವುದೂ ಇರಲಿಲ್ಲ. ನಾನು ಅವರನ್ನು ದೂರಲಾರೆ. ಬಚ್ಚಿಟ್ಟದ್ದರ ಭಾರವಂತೂ ಅವರ ಮೇಲೆಯೇ ಬಿತ್ತು. ಕೈಗೆ ದುಡ್ಡು ಬಂದಾಗ ವೈನ್‌ಲ್ಯಾಂಡ್‌ಗೆ ದೊಡ್ಡ ಮೊತ್ತ ಕೊಟ್ಟು ಕ್ಯಾರೊಲ್ ಮತ್ತು ಅವಳಂಥ ಮಕ್ಕಳಿಗೆ ಮನೆಯೊಂದನ್ನು ಕಟ್ಟಿಸಿದರು, ಆಗಾಗ ಹೋಗಿ ಬರುತ್ತಿದ್ದರು. ಕ್ಯಾರೊಲ್‌ಗೆ ಸಂಗೀತ ಎಂದರೆ ಪ್ರಾಣ.

ವಾಸನೆಯ ಜಾಡು

ಕ್ಯಾರೊಲ್‌ಗೆ ಹದಿನಾಲ್ಕು ವರ್ಷವಾಗಿದ್ದಾಗ, 1934ರಲ್ಲಿ, ದೂರದ ನಾರ್ವೆಯಲ್ಲಿ ಇನ್ನೊಬ್ಬ ತಾಯಿ ಇಂಥದೇ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಆಸ್ಪತ್ರೆ ಸುತ್ತುತ್ತಿದ್ದಳು. ಮಕ್ಕಳ ಮೈಯಿಂದ ಬರುವ ವಿಚಿತ್ರ ವಾಸನೆ ಎಲ್ಲಿಂದ ಎಂದು ಕೇಳುವುದನ್ನು ಅವಳು ಬಿಡಲೇ ಇಲ್ಲ. ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಪ್ರಶ್ನೆಯನ್ನು ತಳ್ಳಿಹಾಕದೆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿ ನೋಡಿದರು. ಅದು ಹಸಿರಾಯಿತು. ಅಲ್ಲಿಂದ ಬೆನ್ನುಹತ್ತಿ ಹೋಗಿ ಫಿನೈಲ್ ಪೈರೂವಿಕ್ ಆಮ್ಲ ಎಂಬ ವಸ್ತುವನ್ನು ಹಿಡಿದರು. ಇದೇ ಮುಂದೆ ಫಿನೈಲ್‌ಕೀಟೋನ್ಯೂರಿಯಾ, ಸುಲಭಕ್ಕೆ ಪಿಕೆಯು, ಎನಿಸಿಕೊಂಡಿತು.

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸ ಎಲ್ಲದರ ಪ್ರೋಟೀನಿನಲ್ಲೂ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅದನ್ನು ಟೈರೋಸಿನ್ ಆಗಿ ಬದಲಿಸುವ ಕಿಣ್ವ, ಅಂದರೆ ಎನ್‌ಝೈಮ್, ನಮ್ಮ ಯಕೃತ್ತಿನಲ್ಲಿದೆ. ಪಿಕೆಯು ಇರುವ ಮಗುವಿನಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಫಿನೈಲ್‌ಅಲನೀನ್ ರಕ್ತದಲ್ಲಿ ತುಂಬಿಕೊಂಡು ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಕೊಡುತ್ತದೆ. ಮೈಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಟೈರೋಸಿನ್‌ನಿಂದ. ಅದು ಕಡಿಮೆಯಾದ್ದರಿಂದ ಕೂದಲು, ಚರ್ಮ ತಿಳಿಯಾಗುತ್ತವೆ. ಊರೆಲ್ಲ ಮೆಚ್ಚಿದ ಕ್ಯಾರೊಲ್‌ಳ ಆ ಬಂಗಾರದ ಕೂದಲಿನಲ್ಲೂ ರೋಗದ ಪಾಲು ಇದ್ದಿರಬಹುದು. ಮುಗ್ಗಲು ವಾಸನೆ, ಇಸುಬು ಎಲ್ಲವೂ ಅದೇ ಸರಪಳಿಯವು.

ಇದು ತಾಯಿ ಬಸುರಿಯಲ್ಲಿ ಏನು ತಿಂದಳು, ಎಲ್ಲಿಗೆ ಹೋದಳು ಎಂಬುದರಿಂದ ಬರುವುದಲ್ಲ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ದೋಷದ ವಂಶವಾಹಿ ಸುಮ್ಮನೆ ಅಡಗಿರುತ್ತದೆ. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆಗಳಲ್ಲಿ ಈ ಬಗೆಯ ಕಾಯಿಲೆಗಳ ಸಾಧ್ಯತೆ ಹೆಚ್ಚು ಎಂದು ವೈದ್ಯರು ಎಚ್ಚರಿಸುವುದು ಇದೇ ಲೆಕ್ಕದಿಂದ. ಪರ್ಲ್ ವರ್ಷಗಟ್ಟಲೆ ತಪ್ಪು ತನ್ನದೋ ಎಂದು ಕೊರಗಿದರು. ವಾಸ್ತವದಲ್ಲಿ ಗಂಡ ಹೆಂಡತಿ ಇಬ್ಬರಿಂದಲೂ ಅದು ಸರಿಸಮನಾಗಿ ಬಂದಿತ್ತು, ಇಬ್ಬರ ತಪ್ಪೂ ಇರಲಿಲ್ಲ.

ಚಿಕಿತ್ಸೆ ಬಂದದ್ದು 1950ರ ದಶಕದ ಆರಂಭದಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರು, ಮತ್ತೆ ಒಬ್ಬ ತಾಯಿಯ ಹಟಕ್ಕೆ ಮಣಿದು, ಫಿನೈಲ್‌ಅಲನೀನ್ ತೆಗೆದ ಆಹಾರ ತಯಾರಿಸಿ ಅವಳ ಮಗುವಿಗೆ ಕೊಟ್ಟರು. ಮಗು ಸುಧಾರಿಸಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರೀ ಹುಟ್ಟಿದ ಶಿಶುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ಕಾಗದಕ್ಕೆ ಒತ್ತಿ ಪರೀಕ್ಷಿಸುವ ಅಗ್ಗದ ವಿಧಾನ ಕಂಡುಹಿಡಿದರು. ಹುಟ್ಟಿದ ಕೆಲವೇ ವಾರಗಳಲ್ಲಿ ಆಹಾರ ಬದಲಿಸಿದರೆ ಮಿದುಳು ಉಳಿಯುತ್ತದೆ, ತಡವಾದರೆ ಹೋದದ್ದು ಬಾರದು. ಕ್ಯಾರೊಲ್‌ಗೆ ಇದ್ದದ್ದು ಪಿಕೆಯು ಎಂದು ಗೊತ್ತಾದದ್ದು ಅದೇ ದಶಕದಲ್ಲಿ. ಅವಳಿಗಾಗ ನಲವತ್ತು ದಾಟಿತ್ತು.

ಯಾವ ಮನೆಯೂ ಸಿಗದ ಮಗು

ಅಷ್ಟರಲ್ಲಿ ಪರ್ಲ್ ಬದುಕು ಬಹಳ ಬದಲಾಗಿತ್ತು. ವಿದೇಶಿ ಮಿಷನ್‌ಗಳ ಧೋರಣೆಯನ್ನು ಬಹಿರಂಗವಾಗಿ ಟೀಕಿಸಿ 1933ರಲ್ಲಿ ಮಿಷನ್ ಬಿಟ್ಟಿದ್ದರು. 1935ರಲ್ಲಿ ವಿಚ್ಛೇದನ, ತಮ್ಮ ಪ್ರಕಾಶಕ ರಿಚರ್ಡ್ ವಾಲ್ಶ್ ಜೊತೆ ಮರುಮದುವೆ. ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯಲ್ಲಿ ತೋಟದ ಮನೆ ಕೊಂಡರು. 1936ರಲ್ಲಿ ಎರಡು ಗಂಡುಕೂಸು, ಮರುವರ್ಷ ಮತ್ತೆರಡು ಕೂಸುಗಳನ್ನು ದತ್ತು ತಂದರು. ಮನೆ ತುಂಬಿತು.

ಆಗಿನ ಅಮೆರಿಕದ ದತ್ತು ಸಂಸ್ಥೆಗಳಿಗೆ ಒಂದು ಗಟ್ಟಿ ನಿಯಮವಿತ್ತು: ಮಗು ದತ್ತು ಪಡೆಯುವವರ ಬಣ್ಣ, ಧರ್ಮಗಳಿಗೆ ಹೊಂದಬೇಕು, ಆರೋಗ್ಯವಾಗಿರಬೇಕು, ನೋಡಿದವರಿಗೆ ದತ್ತು ಎಂದು ಗೊತ್ತಾಗಲೇಬಾರದು. ಕಾಯಿಲೆಯ ಮಗು, ಅಂಗವಿಕಲ ಮಗು, ಮಿಶ್ರ ಬಣ್ಣದ ಮಗು ಮೂವರಿಗೂ ಕಡತದಲ್ಲಿ ಬೀಳುತ್ತಿದ್ದ ಮುದ್ರೆ ಒಂದೇ, ದತ್ತಕ್ಕೆ ಯೋಗ್ಯವಲ್ಲ ಎಂದು.

1948ರ ಕೊನೆಯ ಹೊತ್ತಿಗೆ ಅಂಥ ಒಂದು ಕೂಸಿನ ವಿಷಯವಾಗಿ ಸಂಸ್ಥೆಯೊಂದು ಪರ್ಲ್ ಅವರಿಗೆ ಪತ್ರ ಬರೆಯಿತು. ಹದಿನೈದು ತಿಂಗಳ ಗಂಡುಮಗು, ಹೆತ್ತವರಲ್ಲಿ ಒಬ್ಬರು ಅಮೆರಿಕದವರು, ಇನ್ನೊಬ್ಬರು ಭಾರತದ ಮೂಲದವರು. ಕಂದು ಮೈಬಣ್ಣ. ಯಾವ ಮನೆಯೂ ಸಿಗುತ್ತಿಲ್ಲ. ಪರ್ಲ್ ಹಲವು ಸಂಸ್ಥೆಗಳನ್ನು ವಿಚಾರಿಸಿದರು, ಎಲ್ಲ ಕಡೆ ಒಂದೇ ಉತ್ತರ. ಕೊನೆಗೆ ಮಗುವನ್ನು ತಮ್ಮ ಮನೆಗೇ ಕರೆಸಿಕೊಂಡರು. ಬೆನ್ನಲ್ಲೇ ಚೀನೀ ಮೂಲದ ಇನ್ನೊಂದು ಕೂಸು ಬಂತು. ಆಗ ಗಂಡ ಹೆಂಡತಿ ಇಬ್ಬರಿಗೂ ಐವತ್ತು ದಾಟಿತ್ತು. ಹತ್ತಿರದ ಒಂದು ಕುಟುಂಬಕ್ಕೆ ಆ ಮಕ್ಕಳನ್ನು ಒಪ್ಪಿಸಿ, ಕಾದಂಬರಿಕಾರ ಜೇಮ್ಸ್ ಮಿಷನರ್, ರಂಗಗೀತೆಗಳ ಆಸ್ಕರ್ ಹ್ಯಾಮರ್‌ಸ್ಟೈನ್ ಮುಂತಾದ ನೆರೆಹೊರೆಯವರನ್ನು ಸೇರಿಸಿಕೊಂಡು 1949ರಲ್ಲಿ ವೆಲ್‌ಕಮ್ ಹೌಸ್ ಎಂಬ ಸಂಸ್ಥೆ ಕಟ್ಟಿದರು. ಮಿಶ್ರ ಮೂಲದ ಮಕ್ಕಳನ್ನು ಬಣ್ಣ ನೋಡದೆ ಬೇರೆ ಬೇರೆ ಕುಟುಂಬಗಳಿಗೆ ಸೇರಿಸಿದ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಭಾರತದ ನಂಟಿನ ಒಂದು ಮಗುವಿನಿಂದ ಇದು ಶುರುವಾಯಿತೆಂಬುದು ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಕ್ಯಾರೊಲ್ ಗುಟ್ಟು ಹೊರಬಂದದ್ದೂ ಇದೇ ಕಾಲದಲ್ಲಿ. 1950ರಲ್ಲಿ ಪರ್ಲ್ ದಿ ಚೈಲ್ಡ್ ಹೂ ನೆವರ್ ಗ್ರ್ಯೂ ಎಂಬ ಸಣ್ಣ ಪುಸ್ತಕದಲ್ಲಿ ಎಲ್ಲವನ್ನೂ ಬರೆದರು. ಇಂಥ ಮಗುವನ್ನು ಒಳಕೋಣೆಯಲ್ಲಿಟ್ಟು ನಾಚಿಕೆಯಿಂದ ಬದುಕುತ್ತಿದ್ದ ಕುಟುಂಬಗಳಿಗೆ, ಒಬ್ಬ ನೊಬೆಲ್ ವಿಜೇತೆ ತನ್ನ ಮನೆಯಲ್ಲೂ ಹೀಗೇ ಎಂದು ಹೇಳಿದ್ದು ಸಣ್ಣ ಸಂಗತಿಯಾಗಿರಲಿಲ್ಲ. ಎಲ್ಲೆಲ್ಲಿಂದಲೋ ಪೋಷಕರ ಪತ್ರಗಳು ಬರತೊಡಗಿದವು.

1950ರ ದಶಕದಲ್ಲಿ ಪರ್ಲ್ ಇನ್ನೂ ಇಬ್ಬರು ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಂಡರು. ಒಬ್ಬಳು ಜರ್ಮನಿಯವಳು, ಇನ್ನೊಬ್ಬಳು ಜಪಾನಿನವಳು. ಇಬ್ಬರ ತಂದೆಯರೂ ಯುದ್ಧಾನಂತರ ಅಲ್ಲಿದ್ದ ಆಫ್ರಿಕನ್ ಅಮೆರಿಕನ್ ಸೈನಿಕರು. ಪರ್ಲ್ ಅವರಿಗಾಗ ವಯಸ್ಸು ಅರವತ್ತರ ಆಸುಪಾಸು.

ಅದೇ ದಶಕದಲ್ಲಿ ಆರೆಗಾನ್ ರಾಜ್ಯದ ಇನ್ನೊಂದು ಕ್ರೈಸ್ತ ಕುಟುಂಬದ ಹೆಸರು ಎಲ್ಲೆಡೆ ಕೇಳಿಬಂತು. ಹ್ಯಾರಿ ಹೋಲ್ಟ್ ರೈತ, ಹೃದ್ರೋಗಿ. ಹೆಂಡತಿ ಬರ್ತಾ ನರ್ಸಿಂಗ್ ಓದಿದವರು. ಆಗಲೇ ಆರು ಮಕ್ಕಳು. ಕೊರಿಯಾ ಯುದ್ಧದ ಅನಾಥ ಮಕ್ಕಳ ಚಿತ್ರ ನೋಡಿ ಎಂಟು ಮಕ್ಕಳನ್ನು ತರಲು ಹೊರಟರು. ಕಾನೂನು ಒಂದು ಮನೆಗೆ ಇಬ್ಬರಿಗಿಂತ ಹೆಚ್ಚು ಬಿಡುತ್ತಿರಲಿಲ್ಲ. 1955ರಲ್ಲಿ ಅಮೆರಿಕದ ಸಂಸತ್ತು ಇವರಿಗಾಗಿಯೇ ವಿಶೇಷ ಕಾಯಿದೆ ಮಾಡಿತು. ಹ್ಯಾರಿ ಮುಂದೆ ಕೊರಿಯಾದ ಇಲ್ಸಾನ್‌ನಲ್ಲಿ ಅಂಗವೈಕಲ್ಯದ ಕಾರಣ ಯಾರೂ ಒಯ್ಯದ ಮಕ್ಕಳಿಗೆ ನೆಲೆ ಕಟ್ಟಿದರು. 1964ರಲ್ಲಿ ಕೊರಿಯಾದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಹೋಲ್ಟರದು ನಂಬಿಕೆಯ ದಾರಿ, ದತ್ತು ಪಡೆಯುವವರೂ ಭಕ್ತ ಕ್ರೈಸ್ತರಾಗಿರಬೇಕೆಂದು ಬಯಸುತ್ತಿದ್ದರು. ಮಿಷನ್ ಬಿಟ್ಟು ಬಂದ ಪರ್ಲ್ ದಾರಿ ಬೇರೆ. ಇಬ್ಬರ ಮುಂದಿದ್ದ ಮಕ್ಕಳು ಮಾತ್ರ ಒಂದೇ ತೆರನವರು.

ಎಡವಿದ್ದೂ ಉಂಟು

ಪರ್ಲ್ ದೇವತೆಯಾಗಿರಲಿಲ್ಲ. ಮಕ್ಕಳನ್ನು ಅವರ ದೇಶದಲ್ಲೇ ಓದಿಸಿ ಬೆಳೆಸಬೇಕೆಂದು 1964ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು. ಉದ್ದೇಶ ಒಳ್ಳೆಯದೇ, ಆದರೆ ಅದರ ಚುಕ್ಕಾಣಿಯನ್ನು ಹಿಂದೆ ತಮಗೆ ನೃತ್ಯ ಕಲಿಸುತ್ತಿದ್ದ ಥಿಯೊಡೋರ್ ಹ್ಯಾರಿಸ್ ಎಂಬವನ ಕೈಗಿತ್ತರು. 1969ರಲ್ಲಿ ಅವನ ಮೇಲೆ ಪತ್ರಿಕೆಯಲ್ಲಿ ಗಂಭೀರ ಆರೋಪಗಳು ಬಂದು ಅವನು ಹೊರನಡೆದ. ಪರ್ಲ್ ಕೊನೆಯವರೆಗೂ ಅವನ ಪಕ್ಷ ಬಿಡಲಿಲ್ಲ, ಕೊನೆಗಾಲದಲ್ಲಿ ಮಕ್ಕಳಿಂದಲೂ ದೂರವಾದರು. 1973ರ ಮಾರ್ಚ್ 6ರಂದು ವರ್ಮಾಂಟ್‌ನ ಡ್ಯಾನ್ಬಿಯಲ್ಲಿ ತೀರಿಕೊಂಡರು. ಪೆನ್ಸಿಲ್ವೇನಿಯಾದ ತೋಟದಲ್ಲಿರುವ ಸಮಾಧಿಯ ಮೇಲೆ ಅವರ ಹೆಸರು ಚೀನೀ ಅಕ್ಷರಗಳಲ್ಲಿದೆ.

ಇಂದು ನಮ್ಮಲ್ಲಿ

ಭಾರತದಿಂದ ವಿದೇಶಕ್ಕೆ ದತ್ತು ಹೋಗುವ ಮಕ್ಕಳಲ್ಲಿ ಇಂದು ದೊಡ್ಡ ಪಾಲು ವಿಶೇಷ ಅಗತ್ಯದವರದು. 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿಯ ಮೇಲೆ ನಿಯಮಗಳು ಬೆಳೆದಿವೆ. ದೇಶದೊಳಗಿನದಿರಲಿ, ಹೊರಗಿನದಿರಲಿ, ಸಂಸ್ಥೆಗಳಲ್ಲಿರುವ ಅನಾಥ ಮಕ್ಕಳ ದತ್ತು ಈಗ ಕಾರಾ, ಅಂದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಮೂಲಕವೇ ನಡೆಯಬೇಕು. ಕಾನೂನಿನ ಕ್ರಮ ಬಿಟ್ಟು ಆಸ್ಪತ್ರೆಯಲ್ಲೋ ಪರಿಚಯದವರಲ್ಲೋ ಕೈಯಿಂದ ಕೈಗೆ ಅಂಥ ಮಗುವನ್ನು ಪಡೆಯುವುದು ಅಪರಾಧ. ಮಗುವಿನ ವೈದ್ಯಕೀಯ ವರದಿಯನ್ನು ನಿಮಗೆ ಕೊಡುತ್ತಾರೆ, ಅದನ್ನು ನಿಮ್ಮ ಆಯ್ಕೆಯ ಮಕ್ಕಳ ವೈದ್ಯರಿಗೆ ತೋರಿಸಿ ಅಭಿಪ್ರಾಯ ಕೇಳಬಹುದು. ದಯವಿಟ್ಟು ಕೇಳಿ.

ಹಿಮ್ಮಡಿಯ ರಕ್ತದ ಪರೀಕ್ಷೆ ನಮ್ಮ ದೇಶದ ಎಲ್ಲ ಶಿಶುಗಳಿಗೂ ಇನ್ನೂ ಆಗುತ್ತಿಲ್ಲ. ಹಾಗಾಗಿ ದತ್ತು ಮಗುವಿಗೆ ಅದು ಆಗಿದೆ ಎಂದುಕೊಳ್ಳಬೇಡಿ. ಪಿಕೆಯು ನಮ್ಮಲ್ಲಿ ಅಪರೂಪ. ಅದಕ್ಕಿಂತ ಎಷ್ಟೋ ಹೆಚ್ಚು ಕಾಣುವುದು ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ. ಅದೂ ಮಿದುಳನ್ನು ಕುಗ್ಗಿಸುತ್ತದೆ, ಬೇಗ ಸಿಕ್ಕರೆ ದಿನಕ್ಕೊಂದು ಅಗ್ಗದ ಥೈರಾಕ್ಸಿನ್ ಮಾತ್ರೆಯಿಂದ ತಡೆಯಬಹುದು. ಜಿ6ಪಿಡಿ ಕೊರತೆ ಇದ್ದರೆ ಕೆಲವು ಔಷಧಗಳನ್ನು ಕೊಡುವಂತಿಲ್ಲ, ಅದೂ ಗೊತ್ತಿರಬೇಕು. ಕಿವಿ, ಕಣ್ಣು, ಹೆಪಟೈಟಿಸ್ ಬಿ, ಎಚ್‌ಐವಿ, ಕ್ಷಯ, ಹಾಕಿದ ಲಸಿಕೆಗಳ ಪಟ್ಟಿ ಇವೆಲ್ಲವನ್ನೂ ಮಗು ಮನೆಗೆ ಬಂದ ಮೇಲೆ ಹೊಸದಾಗಿ ಪರಿಶೀಲಿಸುವುದು ಒಳ್ಳೆಯದು.

ಔಷಧಗಳ ಬಗ್ಗೆ ನನ್ನ ಕಸುಬಿನ ಒಂದು ಮಾತು. ಮಗು ಒಂ‌ದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಮಾತ್ರ ಇದ್ದರೆ ಸಾಲದು, ಅಲ್ಲಿ ಆ ಬ್ರ್ಯಾಂಡ್ ಇಲ್ಲದೇ ಇರಬಹುದು. ಔಷಧದ ಮೂಲ ಹೆಸರು ಬರೆಸಿ. ಸಿರಪ್ ಆದರೆ ಎಷ್ಟು ಮಿಲಿ ಎಂಬುದರ ಜೊತೆ ಎಷ್ಟು ಮಿಲಿಗ್ರಾಂ ಎಂಬುದನ್ನೂ ಬರೆಸಿ. ಐದು ಮಿಲಿಯಲ್ಲಿರುವ ಔಷಧದ ಪ್ರಮಾಣ ಕಂಪನಿಯಿಂದ ಕಂಪನಿಗೆ, ದೇಶದಿಂದ ದೇಶಕ್ಕೆ ಬೇರೆಯಾಗಬಹುದು. ಫಿಟ್ಸ್ ಔಷಧ ತೆಗೆದುಕೊಳ್ಳುವ ಮಗುವಿಗೆ ಒಂದು ದಿನದ ತಪ್ಪಿನಿಂದಲೂ ಫಿಟ್ಸ್ ಮರುಕಳಿಸಬಹುದು. ಪ್ರಯಾಣಕ್ಕೆ ಬೇಕಾದ್ದಕ್ಕಿಂತ ಹೆಚ್ಚು ದಿನದ ಔಷಧ, ವೈದ್ಯರ ಪತ್ರ ಕೈಚೀಲದಲ್ಲೇ ಇರಲಿ.

ಅಕ್ಕ, ತಂಗಿ

ಕ್ಯಾರೊಲ್ ತಾಯಿಗಿಂತ ಸುಮಾರು ಎರಡು ದಶಕ ಹೆಚ್ಚು ಕಾಲ ಇದ್ದಳು. ಪರ್ಲ್ ಯೌವನದಿಂದ ಹೆದರಿದ್ದು ಇದಕ್ಕೇ, ನನ್ನ ನಂತರ ಯಾರು ಎಂದು. ಉತ್ತರ ಮನೆಯಲ್ಲೇ ಬೆಳೆದಿತ್ತು. ಹಾಲು ಕುಡಿಯದೆ ಸೊರಗಿದ್ದ, ಅನಾಥಾಲಯದಿಂದ ತಂದ ಆ ಮೂರು ತಿಂಗಳ ಕೂಸು ಜಾನಿಸ್ ದೊಡ್ಡವಳಾಗಿ ಆಕ್ಯುಪೇಷನಲ್ ಥೆರಪಿಸ್ಟ್ ಆದಳು. ತಾಯಿ ತೀರಿಕೊಂಡ ಮೇಲೆ ಅಕ್ಕನ ಕಾನೂನುಬದ್ಧ ಪಾಲಕಿಯಾಗಿ ನಿಂತವಳು ಅವಳೇ. ಕ್ಯಾರೊಲ್ 1992ರಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಾಗ ವೈನ್‌ಲ್ಯಾಂಡ್‌ಗೆ ಬಂದು ಅರವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ತಾಯಿಯ ಹಳೆಯ ಪುಸ್ತಕ ಅದೇ ವರ್ಷ ಮರುಮುದ್ರಣವಾಯಿತು. ಅದರ ಕೊನೆಯಲ್ಲಿ ಕ್ಯಾರೊಲ್‌ಳ ಬದುಕಿನ ಉಳಿದ ಭಾಗವನ್ನು ಬರೆದು ಸೇರಿಸಿದವಳು ಜಾನಿಸ್.